ಅಡ್ಡದಾರಿಗೆ ಒಪ್ಪದ ಕೃಷ್ಣಮೂರ್ತಿ ಸರ್

ಕೃಷ್ಣಮೂರ್ತಿ ಸರ್ ಗೋಡೆ ಸವರಿಕೊಂಡು ನಡೆಯುತ್ತಿದ್ದರು. ಕೇಬಲ್ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಬೆರಳಿನಿಂದಲೇ ಮುಟ್ಟಿ ನೋಡಬೇಕಿತ್ತು ಅವರಿಗೆ. "ಸರ್‌ಗೆ ಗೋಡೇನೇ ಹೆಂಡ್ತಿ" ಎಂದು ಯಂತ್ರದ ಕೋಣೆಯ ಮುನಿರತ್ನ ಛೇಡಿಸುತ್ತಿದ್ದ. "ಅವಳೇ ವಾಸಿ ಕಣೋ, ಎದುರು ಮಾತಾಡಲ್ಲ" ಎನ್ನುತ್ತಿದ್ದರು ಮದುವೆಯಾಗದ ಸರ್.

ವಕ್ಕಲೇರಿ ಬಳಿ ಹಾಲು ತಂಪಾಗಿಸುವ ನಮ್ಮ ಘಟಕದ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವರು ಸರ್ ಮತ್ತು ನಾನು, ಇಬ್ಬರೇ. ಮಾಲೂರಿನ ಕಚೇರಿಗೆ ಎರಡು ಲೈನ್. ಒಂದು, ಬಂದುಹೋಗುವುದನ್ನೆಲ್ಲ ತಪಾಸಣೆ ಮಾಡುವ ಫೈರ್‌ವಾಲ್ ದಾಟಿ ಬರುತ್ತಿತ್ತು, ಇನ್ನೊಂದು ನೇರ. ಮಾಲೂರಿನವರು ಯಂತ್ರಗಳನ್ನು ನೋಡಬಹುದು, ಮುಟ್ಟುವಂತಿಲ್ಲ. ಅದನ್ನು ಕಾಯುತ್ತಿದ್ದದ್ದು ಫೈರ್‌ವಾಲ್. ಆದರೆ ಮಾಲೂರಿನ ಕಂಪ್ಯೂಟರಿನ ಪ್ರಶ್ನೆ ಒಂದು ಲೈನಿನಲ್ಲಿ ಬಂದು, ನಮ್ಮ ಉತ್ತರ ಇನ್ನೊಂದರಲ್ಲಿ ಹೋಗತೊಡಗಿತು. ಅರ್ಧ ಮಾತಷ್ಟೇ ಕೇಳಿಸಿಕೊಂಡ ಫೈರ್‌ವಾಲ್ ಅನುಮಾನಿಸಿ ಸಂಪರ್ಕ ಕಡಿಯುತ್ತಿತ್ತು. ಎರಡನ್ನೂ ಫೈರ್‌ವಾಲ್ ಮೂಲಕವೇ ತಿರುಗಿಸೋಣ ಎಂದರು ಸರ್. ನಿಧಾನವಾಗುತ್ತದೆಂದು ಮ್ಯಾನೇಜರ್ ಎಲ್ಲವನ್ನೂ ನೇರ ಲೈನಿಗೆ ಹಾಕಿಸಿದರು.

"ಗೇಟಲ್ಲಿ ವಾಚ್‌ಮನ್ ಇಟ್ಟು ಹಿಂದ್ಗಡೆ ಕಾಂಪೌಂಡ್ ಒಡ್ದಂಗಾಯ್ತು, ಏಮ್ಮಾ" ಎಂದರು ಸರ್ ನನ್ನ ಕಡೆ ತಿರುಗಿ.

"ಬಿಡಿ ಸ್ವಾಮಿ, ಕೆಲ್ಸ ಓಡ್ತಿದೆಯಲ್ಲ" ಎಂದರು ಮ್ಯಾನೇಜರ್.

ಒಂದು ಮಧ್ಯಾಹ್ನ ನನ್ನ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಸರಿಯಿತು. ಮಾಲೂರಿನ ಯಾವುದೋ ಕಂಪ್ಯೂಟರಿಗೆ ಹೊಕ್ಕವನು ಅಮೋನಿಯಾ ಯಂತ್ರದ ಎಚ್ಚರಿಕೆ ಗಂಟೆಗಳನ್ನು ಒಂದೊಂದಾಗಿ ಆರಿಸುತ್ತಿದ್ದ. ಒತ್ತಡ ಏರುತ್ತಿತ್ತು. ನಾನು ಸರ್ ಅವರನ್ನು ಕೂಗಿದೆ. ಸರ್ ನೇರ ಲೈನನ್ನು ಕಿತ್ತೆಸೆದು ಯಂತ್ರದ ಕೋಣೆಗೆ ಓಡಿದರು. "ಲೇ ಮುನಿರತ್ನ, ಈಚೆ ಬಾರೋ!" ಒಳಗೆ ಅಮೋನಿಯಾ ಸೋರತೊಡಗಿತ್ತು; ಉರಿಯುವ ಕಣ್ಣುಜ್ಜಿಕೊಳ್ಳುತ್ತ ಮುನಿರತ್ನ ಹೊರಬಂದ. ಯಂತ್ರ ನಿಲ್ಲಿಸಲು ಸರ್ ಒಳಗೆ ಹೋದರು. ಆ ತೆರೆದ ಬಾಗಿಲು ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ.

ಹೊರಬಂದ ಮೇಲೆ ಅವರ ಕೆಮ್ಮು ನಿಲ್ಲಲೇ ಇಲ್ಲ.

ಮುಳಬಾಗಿಲಿನ ಅವರ ಮನೆಯಲ್ಲಿ ಕೊನೆಯ ಸಲ ಕಂಡಾಗ ಧ್ವನಿ ಪಿಸುಮಾತಾಗಿತ್ತು.

"ಆ ದಾರಿ ಮುಚ್ಚಿದ್ರಾ?"

"ಇಲ್ಲ ಸರ್. ನೇರ ಲೈನ್ ಮ್ಯಾನೇಜರ್ ಮತ್ತೆ ಹಾಕ್ಸಿದಾರೆ."

"ಮುನಿರತ್ನ ಅದೇ ರೂಮಲ್ಲಿ ಇದಾನಾ?"

"ಹೂಂ ಸರ್."

ಕಾಫಿ ತಣ್ಣಗಾಯಿತು. ನಾನು ಬಸ್ಸಿಗೆ ಹೊರಟೆ.

ಅವರು ಹೋದ ಸುದ್ದಿ ಬಂದ ದಿನ ಯಾರನ್ನೂ ಕೇಳದೆ ನೇರ ಲೈನ್ ತೆಗೆದು, ಎಲ್ಲವನ್ನೂ ಫೈರ್‌ವಾಲ್ ಮೂಲಕ ತಿರುಗಿಸಿದೆ. ಮಾಲೂರಿನಿಂದ ಫೋನ್ ಬಂತು.

"ಮೇಡಂ, ಸಿಕ್ಕಾಪಟ್ಟೆ ನಿಧಾನ ಆಗೋಯ್ತು."

"ಆಗ್ಲಿ" ಎಂದೆ.

ಫೋನಿಟ್ಟೆ. ಆ ದಾರಿ ಮುಚ್ಚಿದೆ ಎಂದು ಯಾರಿಗೆ ಹೇಳಬೇಕಾಗಿತ್ತೋ ಅವರು ಪಕ್ಕದ ಕುರ್ಚಿಯಲ್ಲಿ ಇರಲಿಲ್ಲ.