ಬಾಯಿ ಬಿಟ್ಟು ಎಣಿಸಿದ ಗಂಗಲಕ್ಷ್ಮಮ್ಮ

ಗುಬ್ಬಿಯ ನಮ್ಮ ಕೊಬ್ಬರಿ ಮಂಡಿಯಲ್ಲಿ ಗಂಗಲಕ್ಷ್ಮಮ್ಮ ಇಪ್ಪತ್ತಾರು ವರ್ಷದಿಂದ ಕಾಯಿ ಎಣಿಸುತ್ತಾಳೆ. ಒಣಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳಿಬಿಡುತ್ತಾಳೆ. ಗಂಡಸರು ಅದನ್ನೇ ಒಡೆದು ನೋಡಿ ಒಪ್ಪಿಕೊಳ್ಳುತ್ತಾರೆ. ಮಾವನವರು ತೀರಿಕೊಂಡು ಮಂಡಿ ನನ್ನ ಕೈಗೆ ಬಂದಾಗ ವ್ಯಾಪಾರ ಕಲಿಸಿದವಳು ಅವಳು, ಮಾಲೀಕಳು ಅಂತ ಕರೆಸಿಕೊಂಡವಳು ನಾನು.

ಇಂಥವಳು ಹೋದ ವರ್ಷ ಒಂದು ದಿನ, ಲಾರಿ ಲೋಡ್ ಆಗುವಾಗ ಸೀನಿ, ಹಾಗೇ ಮೂಟೆಯ ಮೇಲೆ ಕೂತುಬಿಟ್ಟಳು. ಲಾರಿ ಹೋಯಿತು, ಊಟದ ಹೊತ್ತಾಯಿತು, ಏಳಲಿಲ್ಲ.

"ಏನ್ ಗಂಗಮ್ಮ, ಪಟ್ಟಾಭಿಷೇಕ ಇನ್ನೂ ಮುಗೀಲಿಲ್ವಾ?" ಅಂದೆ.

"ಎಲ್ರೂ ಹೋಗ್ಲಿ ತಡಿ ಅಕ್ಕ."

"ಹೋದ್ರು. ಏಳು."

"ನೀನೂ ಹೋಗು."

ಆಗ ಅರ್ಥವಾಯಿತು. ಸೀರೆ ಒದ್ದೆಯಾಗಿತ್ತು. ಎರಡು ವರ್ಷದಿಂದ ಹೀಗೇ ಅಂತೆ. ಸೀನಿದರೆ, ಕೆಮ್ಮಿದರೆ, ಮೂಟೆಗೆ ಕೈ ಹಾಕಿದರೆ ತಡೆಯಲಾಗದೆ ಹೋಗಿಬಿಡುತ್ತಿತ್ತು. ಮಂಡಿಗೆ ಬಂದರೆ ಟೀ ಮುಟ್ಟುತ್ತಿರಲಿಲ್ಲ, ನೀರನ್ನೂ ಮುಟ್ಟುತ್ತಿರಲಿಲ್ಲ. ನಾನು ಅದನ್ನು ಯಾವುದೋ ವ್ರತ ಅಂದುಕೊಂಡಿದ್ದೆ.

ಅದಕ್ಕಿಂತ ದೊಡ್ಡದನ್ನೂ ಅವತ್ತೇ ಹೇಳಿದಳು. ಒಬ್ಬಳೇ ಮಗಳು ಇಂಪನಾಳನ್ನು ಕುಣಿಗಲ್‌ಗೆ ಕೊಟ್ಟಿದೆ. ನಾಲ್ಕು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ಇವಳು ಫೋನಿನಲ್ಲಿ, "ಅಲ್ಲೇ ಇರು, ನಿಮ್ಮತ್ತೆ ನೋಡ್ಕೊಳ್ಳಲಿ" ಅಂದುಬಿಟ್ಟಿದ್ದಳು. ಮಗಳು ಅವತ್ತಿನಿಂದ ಫೋನ್ ಎತ್ತುತ್ತಿರಲಿಲ್ಲ.

"ಬಾಣಂತಿಗೆ ಹಂಡೆ ನೀರು ಹೊತ್ತು ಹುಯ್ಬೇಕು. ಕೂಸ್ನ ಕಾಲ್ ಮೇಲೆ ಮಲಗಿಸ್ಕೊಂಡು ಎರೀಬೇಕು. ಇಂಥ ಮೈಯಿಟ್ಕೊಂಡು ಹೆಂಗಕ್ಕ ಮುಟ್ಲಿ? ಬೀಗಿತ್ತಿ ನೋಡಕ್ ಬಂದಾಗ ಸೀನು ಬಂದ್ರೆ?"

"ಮಗಳಿಗಾದ್ರೂ ಹೇಳ್ಬಾರ್ದಾ?"

"ನಿಂಗೇ ಹೇಳಿರ್ಲಿಲ್ಲ."

ಬೈಯಲು ನನಗೆ ಮುಖವಿರಲಿಲ್ಲ. ತುಮಕೂರು ದಾರಿಯಲ್ಲಿ ಯಾವ ಪೆಟ್ರೋಲ್ ಬಂಕಿನ ಟಾಯ್ಲೆಟ್ ಚೊಕ್ಕಟ ಅನ್ನೋದು ನನಗೆ ಬಾಯಿಪಾಠ. ಯಾಕೆ ಅಂತ ನಾನೂ ಯಾರಿಗೂ ಹೇಳಿದವಳಲ್ಲ.

ಗುಬ್ಬಿಯ ಲೇಡಿ ಡಾಕ್ಟರು ನೋಡಿ, ಆಪರೇಷನ್ ಮಾತು ಆಮೇಲೆ, ಮೊದಲು ಫಿಸಿಯೋಥೆರಪಿ ಅಂತ ತುಮಕೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿಯ ಸದಾಶಿವನಗರದಲ್ಲಿ ರೂಪಶ್ರೀ ಅನ್ನುವ ಹುಡುಗಿಯ ಚಿಕ್ಕ ಕ್ಲಿನಿಕ್ಕು. ಬಾಗಿಲು ಹಾಕಿ, ಪರದೆ ಎಳೆದು, ಅವಸರವಿಲ್ಲದೆ ಪರೀಕ್ಷೆ ಮಾಡಿದಳು.

"ಗರ್ಭಕೋಶ, ಮೂತ್ರಚೀಲ ಎಲ್ಲಾನೂ ಕೆಳಗಿಂದ ಹೊತ್ಕೊಂಡಿರೋ ಸ್ನಾಯು ಇದೆ ಅಮ್ಮ. ನಿಮ್ಮದು ಸಡಿಲ ಆಗಿದೆ. ಕೆಲಸ ಕೊಟ್ರೆ ಬಲ ಬರುತ್ತೆ. ಮೂತ್ರ ತಡೆಯೋ ಹಾಗೆ ಒಳಗೇ ಬಿಗಿ ಹಿಡಿದು ಐದು ಎಣಿಸಿ, ಬಿಟ್ಟು ಐದು ಎಣಿಸಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು."

"ಎಣಿಸೋದು ನಂಗೆ ಹೇಳ್ಕೊಡ್ಬೇಡ ಕಣವ್ವ" ಅಂದಳು ಗಂಗಲಕ್ಷ್ಮಮ್ಮ. ಎಡವಟ್ಟಾಗಿದ್ದು ಅಲ್ಲೇ.

ತಿಂಗಳಾಯಿತು. ಕಮ್ಮಿಯಾಗುವುದಿರಲಿ, ಜಾಸ್ತಿಯೇ ಆಯಿತು. "ಬುಡು ಅಕ್ಕ, ನನ್ ಹಣೇಲಿ ಇಷ್ಟೇ" ಅಂದಳು. ಕೊಂಡ ಮಾಲು ಸರಿಯಿಲ್ಲ ಅಂದರೆ ಅಂಗಡಿಗೇ ಹೋಗಿ ಕೇಳದೆ ಬಿಡುವವಳಲ್ಲ ನಾನು. ಕಾರಿಗೆ ಹತ್ತಿಸಿಕೊಂಡು ಹೋದೆ.

"ನನ್ನೆದುರಿಗೆ ಒಂದ್ಸಲ ಮಾಡಿ" ಅಂತ ರೂಪಶ್ರೀ ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಗಂಗಲಕ್ಷ್ಮಮ್ಮ ತುಟಿ ಬಿಗಿದಳು. ಕೆನ್ನೆ ಉಬ್ಬಿತು, ಮುಖ ಕೆಂಪಾಯಿತು.

"ಉಸಿರು ಯಾಕಮ್ಮ ಕಟ್ಟಿದೀರಾ?"

ಐದು ಮುಗಿಯುವ ತನಕ ಉತ್ತರವಿಲ್ಲ. ಆಮೇಲೆ, "ಎಣಿಸ್ತಾ ಇದ್ನಲ್ಲ" ಅಂದಳು.

ರೂಪಶ್ರೀ ನನ್ನ ಕಡೆ ನೋಡಿದಳು. ಹೇಳಲೇಬೇಕಾಯಿತು. ನಮ್ಮ ಮಂಡಿಯಲ್ಲಿ ಕಾಯಿ ಎಣಿಸುವವರು ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ರಾಶಿ ಮೊದಲಿಂದ ಎಣಿಸಬೇಕು. ಮಾವನವರು ಮಾಡಿದ ಕಟ್ಟಳೆ, ನಾನು ಇನ್ನೂ ಬಿಗಿ ಮಾಡಿದ್ದೆ. ಬಾಯಿ ಜಾರದಿರಲೆಂದು ಉಸಿರು ಕಟ್ಟಿ ಐದು ಕಾಯಿ ಎಸೆದು, ಉಸಿರೆಳೆದು ಮತ್ತೆ ಐದು, ಹೀಗೆ ಇಪ್ಪತ್ತಾರು ವರ್ಷ. ಉಸಿರಾಡುತ್ತ ಎಣಿಸುವುದು ಅವಳಿಗೆ ಗೊತ್ತೇ ಇರಲಿಲ್ಲ.

"ಉಸಿರು ಕಟ್ಟಿದ್ರೆ ಹೊಟ್ಟೆ ಒತ್ತಡ ಎಲ್ಲಾ ಕೆಳಕ್ಕೇ ತಳ್ಳುತ್ತೆ" ಅಂದಳು ರೂಪಶ್ರೀ. "ತಿಂಗಳಿಂದ ನೀವು ಬಾಗಿಲನ್ನ ಆಚೆಗೆ ತಳ್ತಾನೇ ಚಿಲಕ ಹಾಕೋಕೆ ನೋಡ್ತಿದೀರಾ. ಇನ್ಮೇಲೆ ಜೋರಾಗಿ ಎಣಿಸಿ. ಭಾರ ಎತ್ತೋವಾಗ್ಲೂ ಉಸಿರು ಬಿಡ್ತಾ ಎತ್ತಿ. ಮಂಡೀಲೂ ಅಷ್ಟೇ."

ಗಂಗಲಕ್ಷ್ಮಮ್ಮ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅಕ್ಕ ಒಪ್ಬೇಕಲ್ಲ."

"ಒಪ್ಪಿದೀನಿ. ಎಣಿಸು."

ಮಾರನೇ ದಿನದಿಂದ ಮಂಡಿಯಲ್ಲಿ ಅವಳ ದನಿ ರಸ್ತೆಗೆ ಕೇಳುತ್ತಿತ್ತು. ಹಮಾಲಿ ಚಿಕ್ಕಹನುಮಯ್ಯ ಎರಡು ಸಲ ಲೆಕ್ಕ ತಪ್ಪಿ, "ಏನ್ ಗಂಗವ್ವ, ಹರಾಜಾ?" ಅಂದ.

"ಔಷ್ದಿ ಕಣಯ್ಯ, ಸುಮ್ಕಿರು."

ಗಲ್ಲಾ ಹಿಂದೆ ಕೂತು ಅವಳ ದನಿಗೆ ಸರಿಯಾಗಿ ನಾನೂ ಬಿಗಿ ಹಿಡಿದು ಬಿಡುತ್ತಿದ್ದೆ. ಮೂರು ತಿಂಗಳಾಗುವ ಹೊತ್ತಿಗೆ ಒಂದು ದಿನ ಅವಳು ನಿಂತಲ್ಲೇ ಮೂರು ಸಲ ಸೀನಿ, ಎಣಿಕೆ ಮುಂದುವರಿಸಿದಳು. ಅವತ್ತು ಎರಡು ಟೀ ಕುಡಿದಳು. ಪೂರ್ತಿ ವಾಸಿ ಅಂತ ರೂಪಶ್ರೀ ಹೇಳಲಿಲ್ಲ. ವ್ಯಾಯಾಮ ಬಿಡಬೇಡಿ, ಬಾಣಂತನ ಧಾರಾಳವಾಗಿ ಮಾಡಿ ಅಂದಳು.

ಕುಣಿಗಲ್‌ಗೆ ನನ್ನ ಕಾರಿನಲ್ಲೇ ಹೋದೆವು. ಮಗಳಿಗೆ ಹೇಳಲೆಂದು ದಾರಿಯಲ್ಲಿ ಎರಡು ಒಳ್ಳೆಯ ಸುಳ್ಳು ಹೊಸೆದುಕೊಟ್ಟಿದ್ದೆ. ಎರಡೂ ದಂಡವಾದವು.

"ಈಗ ನೆನಪಾಯ್ತಾ ಮಗಳು?" ಅಂದಳು ಇಂಪನಾ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಅವಳ ಅತ್ತೆ ನರಸಮ್ಮ ಅಲ್ಲೇ ಕಾಫಿ ಹಿಡಿದು ಕೂತಿದ್ದರು.

"ನಂಗೆ ಉಚ್ಚೆ ನಿಲ್ತಿರ್ಲಿಲ್ಲ ಕಣೆ" ಅಂದಳು ಗಂಗಲಕ್ಷ್ಮಮ್ಮ. "ನಿನ್ ಬಾಣಂತನ ನನ್ ಕೈಲಾಗಲ್ಲ ಅಂತ ಹೆದರ್ಕೊಂಡೆ. ತುಮಕೂರಲ್ಲಿ ಒಬ್ಳು ಹುಡುಗಿ ಕ್ಲಿನಿಕ್ಕಲ್ಲಿ ವ್ಯಾಯಾಮ ಹೇಳ್ಕೊಟ್ಲು, ಈಗ ಆಗುತ್ತೆ. ಬಾ ಮನೆಗೆ."

"ನಾನ್ ನಿಂಗೆ ಬೇಡವಾದೆ ಅಂದ್ಕೊಂಡಿದ್ನಲ್ಲಮ್ಮ" ಅಂದ ಇಂಪನಾ ಮೂಗು ಒರೆಸಿಕೊಂಡು ಬ್ಯಾಗು ತುಂಬಲು ಒಳಗೆ ಹೋದಳು.

ನರಸಮ್ಮ ಲೋಟ ಕೆಳಗಿಟ್ಟರು. "ಆ ಹುಡುಗಿ ಕ್ಲಿನಿಕ್ಕು ಎಲ್ಲಿ ಅಂದ್ರಿ?"

ತುಮಕೂರಿನ ತನಕ ಕಾರಿನಲ್ಲಿ ನಾಲ್ಕು ಜನವಾದೆವು.

ಕೂಸಿಗೀಗ ಎರಡು ತಿಂಗಳು. ಬಾಣಂತನ ಮುಗಿಯುವ ತನಕ ಗಂಗಲಕ್ಷ್ಮಮ್ಮ ಮಂಡಿಗೆ ಬರುವುದಿಲ್ಲ. ಅವಳ ಜಾಗಕ್ಕೆ ಇಟ್ಟಿರುವ ಇಬ್ಬರೂ ಸೇರಿ ಅವಳ ಅರ್ಧ ಕೆಲಸ ಮಾಡುವುದಿಲ್ಲ. ನನಗೆ ನಷ್ಟವೇ. ಆದರೂ ಬೆಳಿಗ್ಗೆ ಮಂಡಿಯ ಬಾಗಿಲು ತೆಗೆಯುವಾಗ, ಈ ಹೊತ್ತಿಗೆ ಅವಳು ಮಗಳಿಗೆ ನೀರು ಹುಯ್ಯುತ್ತಿರುತ್ತಾಳೆ ಅಂತ ನೆನೆದು, ಸದಾಶಿವನಗರದ ಆ ಹುಡುಗಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.