ಕೋಳಿ ಸಾರು ಅಂದವರು ಯಾರು?

ಶಶಿರೇಖಾ ಕಿರುಗಾವಲಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ಲೆಕ್ಕ ತಪ್ಪಿದರೆ ಬೈಯುವವರಲ್ಲ. "ಈ ಉತ್ತರ ಹೆಂಗ್ ಬಂತು, ಹೇಳು ನೋಡೋಣ" ಎಂದು ಪಕ್ಕದಲ್ಲಿ ಕೂರುತ್ತಿದ್ದರು. ಅದಕ್ಕೇ ಮಕ್ಕಳಿಗೆ ಅವರೆಂದರೆ ಇಷ್ಟ.

ಒಂದು ಬೆಳಿಗ್ಗೆ ಮಳವಳ್ಳಿಯಿಂದ ಬರುವ ಬಸ್ಸಿನ ತುಂಬ ಒಂದೇ ದನಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ಮಂಚಮ್ಮ ಎಲ್ಲರ ಮೊಬೈಲಿನಲ್ಲೂ ಕೂಗುತ್ತಿದ್ದರು: "ಇವತ್ತು ಕೋಳಿ ಸಾರು, ಮುದ್ದೆ ಕಣ್ರಪ್ಪಾ! ದೊಡ್ ತಟ್ಟೆ ತಗಬನ್ನಿ!" ದನಿಯೂ ಅದೇ, ಗತ್ತೂ ಅದೇ. ಶಶಿರೇಖಾ ಕೂಡ ನಕ್ಕರು.

ಮಧ್ಯಾಹ್ನಕ್ಕೆ ಆ ನಗು ಇಳಿಯಿತು. ದೊಡ್ಡ ತಟ್ಟೆ ಹಿಡಿದು ನಿಂತ ಮಕ್ಕಳಿಗೆ ಸಿಕ್ಕಿದ್ದು ಎಂದಿನ ಅನ್ನ, ಸೊಪ್ಪಿನ ಸಾರು. ಇಬ್ಬರು ತಾಯಂದಿರು ಗೇಟಿಗೇ ಬಂದು, "ಕೋಳಿ ಎಲ್ಲೋಯ್ತು ಮಂಚಮ್ಮ? ಮನೆಗ್ ಸಾಗಿಸ್ಬುಟ್ಟಾ?" ಎಂದು ಕೇಳಿದರು. ಏನೂ ಅರ್ಥವಾಗದ ಮಂಚಮ್ಮ ಸೌಟು ಹಿಡಿದೇ, "ಯಾವ್ ಕೋಳಿ?" ಎಂದರು.

ಸಂಜೆ ಹತ್ತನೇ ತರಗತಿಯ ನಯನ ತಾನೇ ಬಂದು ಒಪ್ಪಿಕೊಂಡಳು. ಮಂಚಮ್ಮ ಊಟಕ್ಕೆ ಕರೆಯುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಒಂದು ಎಐ ಆ್ಯಪಿಗೆ ಹಾಕಿದ್ದಳು. ಅವರು ಆಡದ ಮಾತನ್ನು ಅದು ಅವರದೇ ದನಿಯಲ್ಲಿ ಆಡಿತ್ತು, ಅದನ್ನೇ ಎಲ್ಲರಿಗೂ ಕಳಿಸಿದ್ದಳು.

ಮುಖ್ಯೋಪಾಧ್ಯಾಯ ಶಿವರಾಮು ಕೆಂಡವಾದರು. "ಟೀಸಿ ಕೊಟ್ ಕಳಿಸ್ಬುಡ್ತೀನಿ!"

"ಟೀಸಿ ಕೊಟ್ರೆ ಆ ಆ್ಯಪೂ ಜೊತೇಲಿ ಹೋಯ್ತದಾ ಸಾರ್? ನಾಳೆ ಇನ್ನೊಬ್ರು ಮಾಡ್ತಾರೆ. ನಂಗೊಂದು ಪೀರಿಯಡ್ ಕೊಡಿ" ಎಂದರು ಶಶಿರೇಖಾ.

ಕೇಳಿದ್ದೇನೋ ಕೇಳಿದರು. ಏನು ಪಾಠ ಮಾಡುವುದೆಂದು ಅವರಿಗೇ ಗೊತ್ತಿರಲಿಲ್ಲ. ಇದಕ್ಕೆ ಸೂತ್ರವಿಲ್ಲ, ಪುಸ್ತಕದ ಕೊನೆಯಲ್ಲಿ ಉತ್ತರವೂ ಇಲ್ಲ. ಮರುದಿನ ಮಂಚಮ್ಮನನ್ನು ಕರೆದು ತಮ್ಮ ಕುರ್ಚಿಯಲ್ಲಿ ಕೂರಿಸಿ, ತರಗತಿಯ ಮುಂದೆ ಆ ದನಿ ಹಾಕಿದರು.

"ದನಿ ನಂದೇ ಕಣವ್ವ" ಎಂದರು ಮಂಚಮ್ಮ. "ಮಾತು ನಂದಲ್ಲ. ಆದ್ರೆ ಅನ್ನಿಸ್ಕಂಡೋಳು ಮಾತ್ರ ನಾನೇಯ."

ನಯನಳ ಕಣ್ಣು ತುಂಬಿ ಬಂತು. "ತಪ್ಪಾಯ್ತು ಆಂಟಿ. ತಮಾಸೆಗೆ ಮಾಡ್ದೆ."

"ಕೇಳಿದ್ರೆ ನಾನೇ ಕೂಗ್ ಕೊಡ್ತಿದ್ನಲ್ಲ ಮಗ!"

ಆ ಮಾತನ್ನೇ ಶಶಿರೇಖಾ ಹಿಡಿದುಕೊಂಡರು. ಇನ್ನೊಬ್ಬರ ದನಿ, ಫೋಟೊ ಬಳಸುವ ಮೊದಲು ಕೇಳಬೇಡವೇ? ಯಂತ್ರ ಮಾಡಿದ್ದೆಂದು ಹೇಳದಿದ್ದರೆ ಪೆಟ್ಟು ಬೀಳುವುದು ಯಾರಿಗೆ? ಮಕ್ಕಳು ಬೆಂಚು ಗುದ್ದಿ ವಾದಿಸಿದರು. ತೀರಿಹೋದ ತಾತನ ದನಿ ಬರಿಸಬಹುದಾ ಎಂದು ಗಗನ ಎಂಬ ಹುಡುಗಿ ಕೇಳಿದಳು. "ನಂಗೂ ಗೊತ್ತಿಲ್ಲ, ನೀವೇನಂತೀರಿ?" ಎಂದರು ಶಶಿರೇಖಾ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಇದೇ ಪಾಠ. ಸ್ವಲ್ಪ ದಿನದಲ್ಲೇ ಮಕ್ಕಳು ಮಳವಳ್ಳಿಯ ಒಂದು ಮಹಿಳಾ ಸಂಘದ ಸಭೆಗೂ ಹೋದರು, ನಕಲಿ ದನಿಯ ಫೋನಿಗೆ ಮೋಸಹೋಗದಿರುವುದು ಹೇಗೆಂದು ಹೇಳಿಕೊಡಲು. ಈ ಸಲ ಮಂಚಮ್ಮ ಖುಷಿಯಿಂದಲೇ ದನಿ ಕೊಟ್ಟಿದ್ದರು. ಒಂದು ನಿಜವಾದದ್ದು, ಒಂದು ಯಂತ್ರದ್ದು. ಎರಡನ್ನೂ ಕೇಳಿಸಿದಾಗ ಜೊತೆಗೆ ಬಂದಿದ್ದ ಅವರ ಗಂಡ ಚೌಡಯ್ಯ ಹಿಂದಿನಿಂದ ಎದ್ದು, "ಮೊದಲ್ನೇದೇ ನಮ್ಮೋಳು! ನಂಗೊತ್ತಿಲ್ವಾ?" ಎಂದು ಎದೆ ತಟ್ಟಿಕೊಂಡರು.

ಅದು ಯಂತ್ರದ್ದಾಗಿತ್ತು.

"ನನ್ ಮಾತ ಯಾವತ್ ಕಿವಿಗಾಕಂಡಿದ್ದೀಯೆ, ಗೊತ್ತಾಗಕೆ?" ಎಂದರು ಮಂಚಮ್ಮ. ಸಭೆ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ನಯನ ಹೇಳಿದಳು: "ಅನುಮಾನ ಬಂದ್ರೆ ಫೋನ್ ಕಟ್ ಮಾಡಿ, ನಿಮಗ್ ಗೊತ್ತಿರೋ ನಂಬರಿಗೆ ನೀವೇ ಮಾಡಿ."

ಆಮೇಲೆ ಟೀ ಕುಡಿಯುವಾಗ ಅವಳು ಮೆಲ್ಲಗೆ ಕೇಳಿದಳು: "ಮಿಸ್, ಮೊನ್ನೆ ಟೆಸ್ಟಿನ ಪ್ರಶ್ನೆ ನೀವೂ ಎಐ ಕೈಲಿ ಮಾಡಿಸಿದ್ರಾ?"

ಶಶಿರೇಖಾ ಟೀ ನೆತ್ತಿಗೇರಿ ಕೆಮ್ಮಿದರು. "ಒಂದು ಪ್ರಶ್ನೆ ಮಾತ್ರ ಕಣೇ!" ಎಂದು ಜೋರಾಗಿ ನಕ್ಕುಬಿಟ್ಟರು.

ಮುಂದಿನ ಟೆಸ್ಟಿನಲ್ಲಿ ನಾಲ್ಕನೇ ಪ್ರಶ್ನೆಯ ಕೆಳಗೆ ಅವರು ಬರೆದಿದ್ದರು: "ಇದು ಯಂತ್ರ ಬರೆದದ್ದು, ನಾನು ತಿದ್ದಿದ್ದು." ಇಡೀ ತರಗತಿ ಉಳಿದ ಲೆಕ್ಕ ಬಿಟ್ಟು ಅದರಲ್ಲೇ ತಪ್ಪು ಹುಡುಕುತ್ತ ಕೂತಿತು.