ಹೆಡ್‌ಫೋನ್ ಹಾಕಿಕೊಂಡ ಹಿರಿಯ ಸಿಸ್ಟರ್

ಮಾನಸಿಕ ರೋಗಿಗಳ ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ಬೆನ್ನ ಹಿಂದೆ ‘ಸುಮ್ನಿರಿ ಸಿಸ್ಟರ್’ ಎನ್ನುತ್ತಿದ್ದರು. ಕಿವಿಯೊಳಗೆ ಯಾರೋ ಬೈಯುತ್ತಿದ್ದಾರೆಂದು ರೋಗಿ ಅತ್ತರೆ ಅವಳ ಬಳಿ ಇದ್ದದ್ದು ಒಂದೇ ಮದ್ದು: “ಯಾರೂ ಇಲ್ಲ, ಸುಮ್ನಿರಿ.” ಅದಕ್ಕೂ ಬಗ್ಗದಿದ್ದರೆ ಟೀವಿಯ ಸದ್ದು ಜೋರು ಮಾಡುತ್ತಿದ್ದಳು. ಇಷ್ಟು ಮಾಡಿದ್ದಕ್ಕೆ ಆಸ್ಪತ್ರೆಯವರು ‘ಕರುಣಾಮಯಿ’ ಎಂದು ಬರೆಸಿ ಫಲಕ ಬೇರೆ ಕೊಟ್ಟಿದ್ದರು. ಅದರ ಧೂಳು ಒರೆಸುವಷ್ಟು ಮುತುವರ್ಜಿಯಿಂದ ಅವಳು ಯಾರ ಕಣ್ಣನ್ನೂ ಒರೆಸಿದವಳಲ್ಲ.

ಕಿಟಕಿ ಪಕ್ಕದ ಮಂಚದಲ್ಲಿ ಹಿಂದೆ ಬಸ್ ಕಂಡಕ್ಟರ್ ಆಗಿದ್ದ ಹೆಂಗಸೊಬ್ಬಳಿದ್ದಳು. ‘ಇಳಿ, ನೀನು ಯಾತಕ್ಕೂ ಬಾರದವಳು, ಇಳಿ’ ಎಂದು ಧ್ವನಿಗಳು ಅವಳನ್ನು ಗದರುತ್ತಿದ್ದವು.

“ಸಿಸ್ಟರ್, ಒಂಚೂರು ಕೂತ್ಕೊಳ್ಳಿ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಅವರು ಮೆತ್ತಗಾಗ್ತಾರೆ.”

“ನಂಗೇನು ಬೇರೆ ಕೆಲಸ ಇಲ್ವಾ?”

ಒಮ್ಮೆ ನರ್ಸುಗಳಿಗೆ ತರಬೇತಿ ಕೊಡಲು ಒಬ್ಬ ತಜ್ಞೆ ಬಂದಳು. ಹೆಡ್‌ಫೋನಿನಲ್ಲಿ ಮೊದಲೇ ಮುದ್ರಿಸಿದ ಬೈಗುಳದ ಧ್ವನಿಗಳನ್ನು ಕೇಳುತ್ತಲೇ ಮಾತ್ರೆಗಳನ್ನು ಬೇರ್ಪಡಿಸಬೇಕು; ರೋಗಿಗಳ ಪಾಡು ಆಗ ತಿಳಿಯುತ್ತದೆ ಎಂದಳು.

“ಇದೆಲ್ಲ ಮಕ್ಕಳಾಟ,” ಎಂದು ಸಿಸ್ಟರ್ ಮೂಗು ಮುರಿದು ಎಲ್ಲರಿಗಿಂತ ಮೊದಲು ಕೂತಳು.

‘ನೋಡು, ಕೈ ನಡುಗ್ತಿದೆ. ತಪ್ಪು ಮಾಡ್ತಾಳೆ. ಎಲ್ಲರಿಗೂ ಗೊತ್ತು,’ ಎಂದಿತು ಒಂದು ಧ್ವನಿ. ಇನ್ನೊಂದು ಕಿಸಕ್ಕನೆ ನಕ್ಕಿತು. ಮಾತ್ರೆಗಳು ನೆಲಕ್ಕೆ ಚೆಲ್ಲಿದವು. “ಬಾಯಿ ಮುಚ್ಚು!” ಎಂದು ಯಂತ್ರದ ಮೇಲೆ ಕಿರುಚಿ ಅವಳು ಹೆಡ್‌ಫೋನ್ ಕಿತ್ತೆಸೆದಳು. “ಮಶೀನೇ ಕೆಟ್ಟಿದೆ,” ಎಂದು ಹೊರನಡೆದಳು. ಉಳಿದವರು ಬಿದ್ದು ಬಿದ್ದು ನಕ್ಕರು. ತಮ್ಮ ಸರದಿ ಬಂದಾಗ ಆ ಮಹಾನುಭಾವರ ಮುಖಗಳೂ ಇಂಗು ತಿಂದ ಮಂಗನ ಮುಖದಂತಾದವು, ಅದು ಬೇರೆ ಮಾತು.

ಸಿಸ್ಟರ್ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಅವಳು ಕಿರುಚಿದ್ದನ್ನು ಕೇಳಿಸಿಕೊಂಡಿದ್ದ ಕಂಡಕ್ಟರ್ ಹತ್ತಿರ ಬಂದಳು.

“ಏನಂದ್ರು ನಿಮಗೆ?”

ಇಷ್ಟು ವರ್ಷಗಳಲ್ಲಿ ಸಿಸ್ಟರ್ ಯಾರನ್ನೂ ಕೇಳದ ಪ್ರಶ್ನೆ. ಅವಳು ಹೇಳಿದಳು: “ಕೈ ನಡುಗತ್ತೆ ಅಂದ್ರು.”

“ಸುಳ್ಳು. ನೀವು ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ.”

ಅಂದಿನಿಂದ ಅವಳು ದೇವತೆಯಾದಳೆಂದು ಯಾರೂ ಭಾವಿಸಬೇಕಿಲ್ಲ. ಆ ಸಿಡುಕು, ಆ ಜಂಬ ಎಲ್ಲ ಹಾಗೇ ಇದ್ದವು. ಆದರೆ ಮರುದಿನ ಕಿಟಕಿ ಪಕ್ಕದ ಮಂಚಕ್ಕೆ ಕುರ್ಚಿ ಎಳೆದುಕೊಂಡಳು.

“ಇವತ್ತು ಏನಂತಿದಾರೆ? ನಂಗೆ ಕೇಳಿಸಲ್ಲ. ನಿಮಗೆ ಕೇಳಿಸತ್ತೆ ಅಂತ ಗೊತ್ತು.”

“ಇಳಿ ಅಂತಾನೇ.”

“ಭಯ ಆಗತ್ತಾ?”

“ತುಂಬಾ.”

ಅಷ್ಟರಲ್ಲಿ ರೌಂಡ್ಸಿಗೆ ಬಂದ ಡಾಕ್ಟರು ಬಾಗಿಲಲ್ಲೇ ನಿಂತು ಕರೆದರು. ಡಾಕ್ಟರ ನೆರಳು ಕಂಡರೂ ಧಡಕ್ಕನೆ ಎದ್ದು ನಿಲ್ಲುತ್ತಿದ್ದ ಸಿಸ್ಟರ್ ಈ ಸಲ ಅಲುಗಾಡಲಿಲ್ಲ.

“ಬರ್ತೀನಿ ಡಾಕ್ಟ್ರೇ,” ಎಂದಳು, “ಇವರ ಮಾತು ಮುಗೀಲಿ.”